ಮಲೆನಾಡಿನ ಮನೆಗೆ ಲಿನಕ್ಸ್ ಲ್ಯಾಪ್‌ಟಾಪ್: ಎರಡು ಹಳೆಯದು, ಒಂದು ಹೊಸದು

ಶಿರಸಿ ಸುತ್ತಿನ ಹಳ್ಳಿಯಲ್ಲಿ ಕೂತು ಕೆಲಸ ಮಾಡುವವರಿಗೆ ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕುವ ಉಚಿತ ವ್ಯವಸ್ಥೆ) ಹಾಕಲು ಯಾವ ಲ್ಯಾಪ್‌ಟಾಪ್ ಒಳ್ಳೆಯದು ಅಂತ ಆಗಾಗ ಯಾರಾದರೂ ಕೇಳುತ್ತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಲೆನೊವೊ ಥಿಂಕ್‌ಪ್ಯಾಡ್ ಟಿ480. 2018ರ ಮಾದರಿ. ಅದರ ಜೊತೆಗಿಟ್ಟು ನೋಡಿದ್ದು ಎರಡು: ಅದೇ ಕಾಲದ ಡೆಲ್ ಲ್ಯಾಟಿಟ್ಯೂಡ್ 7490, ಮತ್ತೆ ಪೇಟೆಯ ಅಂಗಡಿಯಿಂದ ತಂದ 15.6 ಇಂಚಿನ ಒಂದು ಹೊಸ ಲ್ಯಾಪ್‌ಟಾಪ್. ಮೂರರ ಮೇಲೂ ನನ್ನ ನಿತ್ಯದ ಕೆಲಸ ಮಾಡಿ ನೋಡಿದ್ದೇನೆ. ನನ್ನ ಕೆಲಸ ಪುಟ ಕಟ್ಟುವುದು. ಯಕ್ಷಗಾನದ ಕರಪತ್ರ, ಸಂಘಗಳ ವಾರ್ಷಿಕ ವರದಿ, ಮದುವೆ ಕರೆಯೋಲೆ, ಇಂಥವು.

ಮೊದಲು ಕರೆಂಟ್ ವಿಷಯ. ಮಳೆಗಾಲದಲ್ಲಿ ಜೋರು ಗಾಳಿ ಬಂತು ಅಂದರೆ ಎಲ್ಲೋ ಒಂದು ಮರ ಲೈನಿನ ಮೇಲೆ ಬಿತ್ತು ಅಂತಲೇ ಲೆಕ್ಕ. ಒಂದೊಂದು ಸಲ ಮಾರನೇ ದಿನವೂ ಕರೆಂಟ್ ಬರುವುದಿಲ್ಲ. ಇನ್ವರ್ಟರ್ ಇದೆ, ಆದರೆ ಅದನ್ನು ಮನೆಯ ದೀಪಕ್ಕೆ, ಮೊಬೈಲಿಗೆ ಉಳಿಸಿಕೊಳ್ಳಬೇಕು. ಗುಡುಗು ಸಿಡಿಲು ಶುರುವಾದರೆ ಕರೆಂಟ್ ಇದ್ದರೂ ಚಾರ್ಜರ್ ಕಿತ್ತಿಡಲೇಬೇಕು. ಹಾಗಾಗಿ ನಮ್ಮ ಕಡೆಯವರು ಪ್ರೊಸೆಸರ್‌ಗಿಂತ ಮೊದಲು ಬ್ಯಾಟರಿ ನೋಡಬೇಕು.

ಟಿ480ಕ್ಕೆ ಎರಡು ಬ್ಯಾಟರಿ. ವ್ಯಾಟ್-ಅವರ್ ಅಂದರೆ ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ. ಒಳಗೊಂದು 24 ವ್ಯಾಟ್-ಅವರ್‌ದು. ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇನ್ನೊಂದು. ಅದು 24, 48, 72 ವ್ಯಾಟ್-ಅವರ್ ಹೀಗೆ ಮೂರು ಅಳತೆಯಲ್ಲಿ ಬರುತ್ತದೆ. ಲ್ಯಾಪ್‌ಟಾಪ್ ಎತ್ತಿ ಹಿಡಿದು ಅಡಿಯಲ್ಲಿರುವ ಎರಡು ಲಾಕ್ ಸರಿಸಿದರೆ ಹಿಂದಿನ ಬ್ಯಾಟರಿ ಕಳಚಿ ಕೈಗೆ ಬರುತ್ತದೆ. ಆಗಲೂ ಸ್ಕ್ರೀನ್ ಆರುವುದಿಲ್ಲ, ತೆರೆದಿಟ್ಟ ಪುಟ ಹಾಗೇ ಇರುತ್ತದೆ. ಅಷ್ಟು ಹೊತ್ತು ಒಳಗಿನ ಬ್ಯಾಟರಿ ನಡೆಸುತ್ತದೆ. ಚಾರ್ಜ್ ಮಾಡಿಟ್ಟ ಇನ್ನೊಂದನ್ನು ಸಿಕ್ಕಿಸಿ ಕೆಲಸ ಮುಂದುವರಿಸಬಹುದು. ಮಾಮೂಲಿಯಾಗಿ ಮೊದಲು ಖರ್ಚಾಗುವುದೂ ಹೊರಗಿನದೇ. 72ರದ್ದು ಅಡಿಗೆ ಸ್ವಲ್ಪ ಉಬ್ಬಿಕೊಂಡಿರುತ್ತದೆ. ಅದರಿಂದ ಕೀಬೋರ್ಡ್ ಹಿಂದಿನಿಂದ ಎತ್ತರವಾಗಿ, ಟೈಪ್ ಮಾಡುವುದಕ್ಕೆ ನನಗಂತೂ ಆರಾಮ. ಅದಕ್ಕಿಂತ ಹಿಂದಿನ ವರ್ಷದ ಟಿ470ರಲ್ಲೂ ಇದೇ ವ್ಯವಸ್ಥೆ ಇದೆ. ಆದರೆ ಮುಂದಿನ ಟಿ490ರಲ್ಲಿ ಹೊರಗಿನ ಬ್ಯಾಟರಿಯನ್ನೇ ತೆಗೆದರು, ಒಂದು ರ‍್ಯಾಮ್ ಬದಲಾಯಿಸಲು ಬಾರದ ಹಾಗೆ ಬೋರ್ಡಿಗೇ ಬೆಸುಗೆಯಾಯಿತು. ನಂಬರ್ ದೊಡ್ಡದು ಅಂತ ಅದನ್ನು ತರಬೇಡಿ.

ಲ್ಯಾಟಿಟ್ಯೂಡ್ 7490ರಲ್ಲಿ ಬ್ಯಾಟರಿ ಒಂದೇ, ಒಳಗೇ. 60 ವ್ಯಾಟ್-ಅವರ್‌ನದು ಇರುವುದನ್ನೇ ಕೇಳಿ ತೆಗೆದುಕೊಳ್ಳಿ, 42ರದ್ದೂ ಇರುತ್ತದೆ. ಬದಲಾಯಿಸಬೇಕೆಂದರೆ ಸ್ಕ್ರೂ ಬಿಚ್ಚಬೇಕು, ಅಷ್ಟೇನೂ ಕಷ್ಟವಿಲ್ಲ. ಆದರೆ ಕತ್ತಲಲ್ಲಿ, ಕೆಲಸದ ನಡುವೆ ಆಗುವುದಲ್ಲ. ಹೊಸ ಲ್ಯಾಪ್‌ಟಾಪ್‌ನದು 40ರ ಆಸುಪಾಸಿನ ಬ್ಯಾಟರಿ. ಪ್ರೊಸೆಸರ್ ಹೊಸದು, ಕರೆಂಟ್ ಕಡಿಮೆ ತಿನ್ನುತ್ತದೆ, ನಿಜ. ಆದರೂ ಸಂಜೆಯ ಹೊತ್ತಿಗೆ ಖಾಲಿ.

ಇನ್ವರ್ಟರ್ ಇರುವ ಮನೆಗಳಲ್ಲಿ ಕರೆಂಟ್ ಇದ್ದಷ್ಟು ಹೊತ್ತೂ ಚಾರ್ಜರ್ ಸಿಕ್ಕಿಸಿಯೇ ಇಡುತ್ತೇವೆ ಅಲ್ವಾ? ಹಾಗೆ ಸದಾ ನೂರಕ್ಕೆ ನೂರು ತುಂಬಿಕೊಂಡಿದ್ದರೆ ಬ್ಯಾಟರಿ ಬೇಗ ಸೊರಗುತ್ತದೆ. ಥಿಂಕ್‌ಪ್ಯಾಡ್‌ನಲ್ಲಿ ಟಿಎಲ್‌ಪಿ ಅನ್ನುವ ಪ್ರೋಗ್ರಾಮ್ ಹಾಕಿ 80ಕ್ಕೆ ನಿಲ್ಲುವ ಹಾಗೆ ಮಾಡಬಹುದು. ಲ್ಯಾಟಿಟ್ಯೂಡ್‌ನಲ್ಲಿ ಬಯಾಸ್ (ಚಾಲೂ ಮಾಡುವಾಗ ತೆರೆಯುವ ಮೂಲ ಸೆಟ್ಟಿಂಗ್) ಒಳಗೇ ಅದಕ್ಕೊಂದು ಜಾಗವಿದೆ, ಬ್ಯಾಟರಿ ಚಾರ್ಜಿಂಗ್ ಅನ್ನು ಕಸ್ಟಮ್‌ಗೆ ಇಟ್ಟರೆ ಆಯಿತು. ಹೊಸದರಲ್ಲಿ ಇದಕ್ಕೆ ದಾರಿಯೇ ಸಿಗಲಿಲ್ಲ.

ಇನ್ನೊಂದು ವ್ಯತ್ಯಾಸ ಬಸ್ಸಿನಲ್ಲಿ ಗೊತ್ತಾಯಿತು. ಹೊಸ ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿ ಕಾರವಾರಕ್ಕೆ ಹೊರಟಿದ್ದೆ. ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ ಚೀಲ ಬೆಚ್ಚಗಾಗಿತ್ತು, ಬ್ಯಾಟರಿ ಅರ್ಧ ಇಳಿದಿತ್ತು. ಹಳೆಯ ಎರಡರಲ್ಲೂ ಎಸ್3 ಅನ್ನುವ ಗಾಢ ನಿದ್ದೆ ಇದೆ. ಮುಚ್ಚಿದರೆ ರ‍್ಯಾಮ್ ಒಂದು ಬಿಟ್ಟು ಬಹುತೇಕ ಎಲ್ಲಾ ಆರುತ್ತದೆ. ಈಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ತೆಗೆದು ಮೊಬೈಲಿನ ಥರ ಅರೆನಿದ್ದೆ ಮಾತ್ರ ಇಟ್ಟಿದ್ದಾರೆ. ಲಿನಕ್ಸ್‌ನಲ್ಲಿ ಅದು ಸರಿಯಾಗಿ ಮಲಗಬೇಕಾದರೆ ಒಳಗಿನ ಒಂದೊಂದು ಚಿಪ್ಪೂ ಸಹಕರಿಸಬೇಕು. ಒಂದು ಎಚ್ಚರವಿದ್ದರೂ ಬ್ಯಾಟರಿ ಸೋರುತ್ತಲೇ ಇರುತ್ತದೆ.

ವೈ-ಫೈ ಕತೆಯೂ ಅಷ್ಟೇ. ಹಳೆಯ ಎರಡರಲ್ಲೂ ಇಂಟೆಲ್ ಕಾರ್ಡ್. ಪೆನ್‌ಡ್ರೈವ್ ಹಾಕಿ ಮಿಂಟ್ (ಲಿನಕ್ಸ್‌ನ ಒಂದು ಬಗೆ) ತೆರೆದ ಕೂಡಲೇ ಮನೆಯ ವೈ-ಫೈ ಹೆಸರು ಕಂಡಿತು. ಹೊಸದರಲ್ಲಿ ಏನೂ ಕಾಣಲಿಲ್ಲ. ಕಾರಣ ಸರಳ: ಆ ವೈ-ಫೈ ಚಿಪ್ಪನ್ನು ನಡೆಸುವ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿದ್ದೇ 6.2ರಲ್ಲಿ, ನನ್ನ ಹತ್ತಿರ ಇದ್ದ ಮಿಂಟ್ 21ರ ಕರ್ನಲ್ 5.15. ಆಮೇಲೆ ಮಿಂಟ್ 22 ಹಾಕಿದೆ. ಅದರ ಕರ್ನಲ್ 6.8, ವೈ-ಫೈ ಬಂತು. ಆದರೆ ಅದರ ಫೈಲೇ ಸುಮಾರು 3 ಜಿಬಿ. ಫೈಬರ್ ಕಡಿದುಹೋದ ವಾರದಲ್ಲಿ ಅಷ್ಟು ಇಳಿಸಿಕೊಳ್ಳುವುದು ಅಂದರೆ ಹರಸಾಹಸ. ಇಂಥ ಹೊತ್ತಿಗೆ ಒಂದು ಉಪಾಯ ಗೊತ್ತಿರಲಿ. ಆಂಡ್ರಾಯ್ಡ್ ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವೈ-ಫೈ ಡ್ರೈವರ್ ಇಲ್ಲದಿದ್ದರೂ ಇಂಟರ್ನೆಟ್ ಬರುತ್ತದೆ.

ಹೊಸದು ಗೆದ್ದ ಕಡೆಯೂ ಇದೆ. ವೇಗ ಜಾಸ್ತಿ. ನೂರಾರು ಫೋಟೋ ಇರುವ ಸ್ಮರಣ ಸಂಚಿಕೆಯ ಪಿಡಿಎಫ್ ಮಾಡುವಾಗ ಹಳೆಯ ಎರಡೂ ಕಾಯಿಸುತ್ತವೆ, ಇದು ಥಟ್ಟನೆ ಮುಗಿಸುತ್ತದೆ. ಸ್ಕ್ರೀನ್ ದೊಡ್ಡದು, ಎದುರುಬದುರು ಎರಡು ಪುಟ ಒಟ್ಟಿಗೆ ಓದಲು ಬರುತ್ತದೆ. ವಾರಂಟಿಯೂ ಇದೆ. ವಿಡಿಯೋ ಎಡಿಟಿಂಗ್ ಮಾಡುವವರು ಹೊಸದನ್ನೇ ನೋಡಬೇಕು. ಉಳಿದವರಿಗೆ 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಎಂಟನೇ ತಲೆಮಾರಿನ ಇಂಟೆಲ್ ಐ5 ಧಾರಾಳ ಸಾಕು.

ಲ್ಯಾಟಿಟ್ಯೂಡ್ ಈಗ ಅಕ್ಕನ ಮಗಳ ಹತ್ತಿರ ಇದೆ, ಕಾರವಾರದಲ್ಲಿ ಓದುತ್ತಾಳೆ. ಟಿ480 ಕೊಡಲು ಹೋದರೆ, “ಮಾವ, ಭಾರ ಆಗ್ತದೆ ಅದು, ನಂಗೆ ತೆಳ್ಳಗಿನದೇ ಇರ್ಲಿ” ಅಂದಳು. ಅವಳು ಹೇಳಿದ್ದು ಸರಿ. ಹಾಸ್ಟೆಲಿನಿಂದ ಕಾಲೇಜಿಗೆ ನಿತ್ಯ ಹೊರುವವರಿಗೆ ಸುಮಾರು 1.4 ಕಿಲೋದ ಲ್ಯಾಟಿಟ್ಯೂಡ್ ವಾಸಿ. ದೊಡ್ಡ ಬ್ಯಾಟರಿ ಹಾಕಿದ ಟಿ480 ಹತ್ತಿರಹತ್ತಿರ 2 ಕಿಲೋ ಆಗುತ್ತದೆ.

ಕನ್ನಡದ ವಿಷಯದಲ್ಲಿ ಮೂರಕ್ಕೂ ಒಂದೇ ಸೆಟಪ್. ಮಿಂಟ್ ಯಾಕೆಂದರೆ 22ರ ಸಾಲಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಇನ್ನೊಂದು ಬಗೆಯ ಲಿನಕ್ಸ್ ಆದ ಫೆಡೋರಾ ಚೆನ್ನಾಗಿಯೇ ಇದೆ, ಆದರೆ ಆರಾರು ತಿಂಗಳಿಗೆ ಹೊಸ ಆವೃತ್ತಿ. ನಮ್ಮ ನೆಟ್ಟಿಗೆ ಆಗಿಬರುವುದಿಲ್ಲ. ಟೈಪಿಂಗ್‌ಗೆ ಕೀಬೋರ್ಡ್ ಭಾಷೆ ಬದಲಿಸುವ ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀ ವಿನ್ಯಾಸ ಆರಿಸಿಕೊಳ್ಳಿ. ನುಡಿ ತಂತ್ರಾಂಶದಲ್ಲಿ ಪಳಗಿದ ಕೈಗೆ ಹೊಸದಾಗಿ ಕಲಿಯುವುದೇನೂ ಇಲ್ಲ. ಒತ್ತಕ್ಷರಕ್ಕೆ ಅದೇ ಎಫ್ ಕೀ: ಎಸ್, ಎಫ್, ಟಿ, ಎಫ್, ಆರ್ ಒತ್ತಿದರೆ ‘ಸ್ತ್ರ’. ಫಾಂಟ್‌ಗೆ ನೋಟೋ ಕನ್ನಡ, ಗುಬ್ಬಿ, ನವಿಲು. ಪುಟ ಕಟ್ಟಲು ಸ್ಕ್ರೈಬಸ್ 1.6 ಇರಲೇಬೇಕು. ಹಳೆಯ 1.4ರಲ್ಲಿ ಒತ್ತಕ್ಷರ ಚದುರಿಹೋಗುತ್ತಿತ್ತು. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಫ್ಲ್ಯಾಟ್‌ಪ್ಯಾಕ್ (ಯಾವ ಬಗೆಯ ಲಿನಕ್ಸ್‌ಗೂ ಹಾಕಬಹುದಾದ ಪ್ಯಾಕೇಜ್) ರೂಪದಲ್ಲಿ ಸಿಗುತ್ತದೆ. ಹಳೆಯ ನುಡಿ ಫೈಲುಗಳನ್ನು ಮಾತ್ರ ಯುನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಬದಲಾಯಿಸಿದ ಮೇಲೆ ಅರ್ಕಾವೊತ್ತು ಬರುವ ಕಡೆಯೆಲ್ಲ ಒಮ್ಮೆ ಕಣ್ಣಾಡಿಸಿ, ಎಡವಟ್ಟು ಜಾಸ್ತಿ ಆಗುವುದು ಅಲ್ಲೇ.

ಕೊಳ್ಳುವುದಕ್ಕೆ ನಮಗೆ ಹತ್ತಿರದ ದೊಡ್ಡ ಪೇಟೆ ಹುಬ್ಬಳ್ಳಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ಟಿ470ರಂಥ, ಇಂಟೆಲ್ ಏಳನೇ ತಲೆಮಾರಿನ ಹೆಚ್ಚಿನ ಮಷೀನ್‌ಗಳು ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಲಿನಕ್ಸ್‌ಗೆ ಅದು ಅಡ್ಡಿಯಲ್ಲ. ಹಾಗಾಗಿ ಕೈ ಬಿಗಿಯಿದ್ದವರು ಟಿ470 ಕೇಳಿ, ಬೆಲೆ ಚೌಕಾಸಿ ಮಾಡಿ.

ಮಿಂಟ್ ಇರುವ ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಅಂಗಡಿಯಲ್ಲೇ ಅದರಿಂದ ಚಾಲೂ ಮಾಡಿ ಸ್ಪೀಕರ್, ಕ್ಯಾಮೆರಾ, ವೈ-ಫೈ, ಒಂದೊಂದು ಕೀ ಒತ್ತಿ ನೋಡಿ. ಮುಚ್ಚಳ ಮುಚ್ಚಿ ತೆಗೆದು, ನಿದ್ದೆಯಿಂದ ಏಳುತ್ತದಾ ನೋಡಿ. ಪವರ್ ಸ್ಟ್ಯಾಟಿಸ್ಟಿಕ್ಸ್ ತೆರೆದರೆ ಬ್ಯಾಟರಿ ಹೊಸತರಲ್ಲಿ ಎಷ್ಟು ಹಿಡಿಯುತ್ತಿತ್ತು, ಈಗೆಷ್ಟು ಹಿಡಿಯುತ್ತದೆ ಎರಡೂ ಕಾಣುತ್ತವೆ. ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ದುಡ್ಡು ಕಳೆದು ಬೆಲೆ ಹೇಳಿ. ಟಿ480 ಆದರೆ ಯುಎಸ್‌ಬಿ-ಸಿ ಪೋರ್ಟಿಗೆ ಚಾರ್ಜರ್ ಸಿಕ್ಕಿಸಿಯೇ ನೋಡಬೇಕು. ಆ ಮಾದರಿಯಲ್ಲಿ ಈ ಪೋರ್ಟನ್ನು ನಡೆಸುವ ಥಂಡರ್‌ಬೋಲ್ಟ್ ಫರ್ಮ್‌ವೇರ್‌ನಲ್ಲಿ ದೋಷವಿತ್ತು, ಕಂಪನಿ ಅಪ್‌ಡೇಟ್ ಕೊಟ್ಟಿದೆ; ಮನೆಗೆ ತಂದ ದಿನವೇ ಅದನ್ನು ಹಾಕಿಕೊಳ್ಳಿ. ಕೊನೆಯದಾಗಿ ಬಯಾಸ್ ಒಳಗೆ ಹೋಗಿ. ಅಲ್ಲಿ ಪಾಸ್‌ವರ್ಡ್ ಕೇಳಿತು, ಅಂಗಡಿಯವರಿಗೂ ಅದು ಗೊತ್ತಿಲ್ಲ ಅಂತಾದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಆ ಪಾಸ್‌ವರ್ಡ್ ಸುಲಭಕ್ಕೆ ಹೋಗುವಂಥದ್ದಲ್ಲ, ಇನ್ನೊಂದು ಪೀಸ್ ತೋರಿಸಿ ಅನ್ನಿ.