ಕ್ರ್ಯಾನ್‌ಬೆರಿ–ಡಿ ಮ್ಯಾನೋಸ್ ಸ್ಯಾಶೆ: ಉರಿಮೂತ್ರಕ್ಕೆ ಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 2 ಸ್ಟಾರ್. ಆ ಎರಡೂ ಕ್ರ್ಯಾನ್‌ಬೆರಿ ಅನ್ನುವ ಹುಳಿ ಹಣ್ಣಿಗೆ. ಡಿ ಮ್ಯಾನೋಸ್‌ಗೆ ಏನೂ ಇಲ್ಲ, ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿರುವ 'ಇಮ್ಯೂನಿಟಿ ಹೆಚ್ಚಿಸುತ್ತದೆ' ಅನ್ನುವ ಮಾತಿಗಂತೂ ಇಲ್ಲವೇ ಇಲ್ಲ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಮೆಡಿಕಲ್ ಶಾಪಿನಲ್ಲಿ ಸಾಲಾಗಿ ಇಟ್ಟಿರುವ ಇಂಥ ಡಬ್ಬಿಗಳ ಒಳಗೆ ಇರುವುದು ಹೆಚ್ಚುಕಡಿಮೆ ಇದೇ ಎರಡು.

ನನಗೆ ಉರಿಮೂತ್ರ ಪದೇಪದೇ ಬರುತ್ತದೆ, ಅದಕ್ಕೇ ಕೆಲವು ತಿಂಗಳು ಇದನ್ನು ಕುಡಿದೆ. ರುಚಿಗೆ ತಕರಾರಿಲ್ಲ. ಸಿಹಿಹುಳಿ, ತಣ್ಣೀರಲ್ಲೂ ಬೇಗ ಕರಗುತ್ತದೆ. ಹೊಟ್ಟೆಗೆ ತೊಂದರೆ ಆಗಲಿಲ್ಲ. ಬೆಲೆ ಮಾತ್ರ ಜಾಸ್ತಿ, ದಿನಾ ಕುಡಿಯಬೇಕಾದ ವಸ್ತು ಅಂದರೆ ತಿಂಗಳ ಕೊನೆಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಡಿ ಮ್ಯಾನೋಸ್ ಅಂದರೆ ಒಂದು ಸಕ್ಕರೆ. ಅದನ್ನು ಯಾಕೆ ಹಾಕುತ್ತಾರೆ ಅಂತ ತಿಳಿಯಬೇಕಾದರೆ ಮೂತ್ರಕೋಶದ ಒಳಗೆ ಏನಾಗುತ್ತದೆ ಅಂತ ನೋಡಬೇಕು. ಮಾಮೂಲಿ ಉರಿಮೂತ್ರದಲ್ಲಿ ನಾಲ್ಕಕ್ಕೆ ಮೂರು ಸಲ ಕಾರಣ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ. ಇದು ನಮ್ಮ ಕರುಳಲ್ಲೇ ಇರುವಂಥದ್ದು. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಅಷ್ಟೇ ಉದ್ದ, ಮೇಲೆ ಹತ್ತುವುದು ಅದಕ್ಕೆ ಕಷ್ಟವಲ್ಲ. ಒಳಗೆ ಹೋದಮೇಲೆ ಮೂತ್ರದ ಜೊತೆ ಕೊಚ್ಚಿಹೋಗಬೇಕಲ್ವಾ? ಹೋಗುವುದಿಲ್ಲ. ಅದರ ಮೈತುಂಬ ಕೂದಲಂಥ ಎಳೆಗಳಿವೆ, ಎಳೆಯ ತುದಿಯಲ್ಲಿ ಫಿಮ್‌ಎಚ್ ಅನ್ನುವ ಪ್ರೋಟೀನ್. ಮೂತ್ರಕೋಶದ ಒಳಪದರದ ಜೀವಕೋಶಗಳ ಮೇಲೆ ಮ್ಯಾನೋಸ್ ಸಕ್ಕರೆ ಇರುತ್ತದೆ. ಬೇಲಿ ಬದಿ ನಡೆದಾಗ ಉತ್ತರಾಣಿ ಕಾಳು ಸೀರೆ ಅಂಚಿಗೆ ಕಚ್ಚಿಕೊಳ್ಳುವ ಹಾಗೆ ಫಿಮ್‌ಎಚ್ ಆ ಸಕ್ಕರೆಗೆ ಕಚ್ಚಿಕೊಳ್ಳುತ್ತದೆ. ಅದೇ ಸಕ್ಕರೆಯನ್ನು ನಾವು ಕುಡಿದರೆ ಅದು ಮೂತ್ರಕ್ಕೆ ಇಳಿಯುತ್ತದೆ, ಬ್ಯಾಕ್ಟೀರಿಯಾ ಗೋಡೆಯ ಬದಲು ಅದನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ ಅನ್ನುವುದು ಸ್ಯಾಶೆಯ ಲೆಕ್ಕಾಚಾರ.

ಯೋಚನೆ ಚೆನ್ನಾಗಿದೆ, ನಿಜ. ಆದರೆ ಈ ಕೆಲಸವನ್ನು ನಮ್ಮ ಕಿಡ್ನಿ ಮೊದಲಿಂದಲೂ ಮಾಡುತ್ತಿದೆ! ಯೂರೋಮಾಡ್ಯುಲಿನ್ ಅನ್ನುವ ಪ್ರೋಟೀನನ್ನು ಕಿಡ್ನಿ ದಿನವೂ ಮೂತ್ರಕ್ಕೆ ಬಿಡುತ್ತದೆ. ಆರೋಗ್ಯವಂತರ ಮೂತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಪ್ರೋಟೀನ್ ಅದೇ. ಅದರ ಮೈಮೇಲೂ ಮ್ಯಾನೋಸ್ ಇದೆ, ಇ. ಕೋಲಿ ಅದಕ್ಕೆ ಅಂಟಿ, ಗುಂಪುಗೂಡಿ, ಹೊರಗೆ ಹೋಗುತ್ತದೆ. ಇಷ್ಟೆಲ್ಲ ಸುಮ್ನೆ, ಯಾರೂ ಹೇಳದೆ ನಡೆಯುತ್ತಿರುತ್ತದೆ ಅಂತ ತಿಳಿದಾಗ ನನಗೆ ಬಹಳ ಖುಷಿಯಾಯಿತು. ಅದರ ಮೇಲೆ ಒಂದು ಸ್ಯಾಶೆ ಸೇರಿಸಿದರೆ ಲಾಭ ಇದೆಯಾ? ಬ್ರಿಟನ್ನಿನಲ್ಲಿ 598 ಹೆಂಗಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಆರು ತಿಂಗಳು ದಿನಕ್ಕೆ 2 ಗ್ರಾಂ ಡಿ ಮ್ಯಾನೋಸ್ ಕುಡಿದವರಲ್ಲಿ 51% ಜನ ಮತ್ತೆ ಉರಿಮೂತ್ರ ಅಂತ ಡಾಕ್ಟರ ಹತ್ತಿರ ಹೋದರು. ಹೋಲಿಕೆಗೆ ಅಂತ ಬೇರೆ ಸಕ್ಕರೆ ಕುಡಿದವರಲ್ಲಿ 55.7%. ಲಾಭ ಅಂತ ಕರೆಯುವಷ್ಟು ವ್ಯತ್ಯಾಸ ಅಲ್ಲ ಇದು.

ಇನ್ನು ಇಮ್ಯೂನಿಟಿ ಮಾತು. ಇದಕ್ಕೇ ನನಗೆ ಜಾಸ್ತಿ ಬೇಸರ.

ಬ್ಯಾಕ್ಟೀರಿಯಾ ಅಂಟಿಕೊಂಡ ಕೂಡಲೇ ಒಳಪದರದ ಜೀವಕೋಶಗಳು ಟಿಎಲ್‌ಆರ್‌4 ಅನ್ನುವ ಗ್ರಾಹಕದಿಂದ ಅದನ್ನು ಗುರುತಿಸಿ, ಐಎಲ್‌-6, ಐಎಲ್‌-8 ಅನ್ನುವ ಸಂದೇಶದ ಪ್ರೋಟೀನುಗಳನ್ನು ಬಿಡುತ್ತವೆ. ಕೆಲವೇ ಗಂಟೆಗಳಲ್ಲಿ ರಕ್ತದಿಂದ ನ್ಯೂಟ್ರೋಫಿಲ್ ಅನ್ನುವ ಬಿಳಿರಕ್ತಕಣಗಳು ಬಂದು ಬ್ಯಾಕ್ಟೀರಿಯಾವನ್ನು ನುಂಗತೊಡಗುತ್ತವೆ. ಯೂರಿನ್ ರಿಪೋರ್ಟಿನಲ್ಲಿ 'ಪಸ್ ಸೆಲ್ಸ್' ಅಂತ ನೋಡಿ ಹೆದರುತ್ತೀವಲ್ಲ, ಅವು ಹೆಚ್ಚಾಗಿ ಇವೇ. ನಮ್ಮ ಕಡೆಯವು. ಇನ್ನೊಂದು ಕಡೆ ಲಿಪೋಕ್ಯಾಲಿನ್‌-2 ಅನ್ನುವ ಪ್ರೋಟೀನ್ ಬ್ಯಾಕ್ಟೀರಿಯಾಕ್ಕೆ ಕಬ್ಬಿಣದ ಅಂಶ ಸಿಗದ ಹಾಗೆ ಅಡ್ಡ ನಿಲ್ಲುತ್ತದೆ. ಒಳಗೆ ನುಗ್ಗಿದ ಬ್ಯಾಕ್ಟೀರಿಯಾವನ್ನು ಕೆಲವು ಜೀವಕೋಶಗಳು ಹೊರಗೆ ದಬ್ಬುತ್ತವೆ. ಅದೂ ಆಗದಿದ್ದರೆ ಮೇಲಿನ ಪದರದ ಜೀವಕೋಶಗಳು ಸೋಂಕಿನ ಸಮೇತ ತಾವೇ ಕಳಚಿ ಮೂತ್ರದಲ್ಲಿ ಹೋಗಿಬಿಡುತ್ತವೆ. ಆ ಉರಿ, ಆ ಐದು ನಿಮಿಷಕ್ಕೊಮ್ಮೆ ಓಡಬೇಕು ಅನ್ನಿಸುವುದು, ಅದರಲ್ಲಿ ದೊಡ್ಡ ಪಾಲು ಈ ಹೋರಾಟದಿಂದ ಆಗುವ ಉರಿಯೂತದ್ದೇ.

ಕಳಚಿದಾಗ ಒಂದು ಅಪಾಯವೂ ಇದೆ. ಕೆಳಗಿನ ಎಳೆಯ ಪದರ ತೆರೆದುಕೊಳ್ಳುತ್ತದೆ, ಅಲ್ಲಿ ಕೆಲವು ಬ್ಯಾಕ್ಟೀರಿಯಾ ಸದ್ದಿಲ್ಲದೆ ಉಳಿದುಬಿಡಬಹುದು. ಇಲಿಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಅದೇ ಇಲಿಗಳಲ್ಲಿ ಮೊದಲ ದಿನದ ಉರಿಯೂತ ತುಂಬಾ ಜೋರಾಗಿದ್ದರೆ ಸೋಂಕು ದೀರ್ಘಕಾಲ ಉಳಿಯುವುದು ಜಾಸ್ತಿ, ಮುಂದೆ ಮತ್ತೆ ಬರುವುದೂ ಜಾಸ್ತಿ ಅಂತ ಕಂಡಿದೆ. ಮೂತ್ರಕೋಶದ ಟಿ ಕಣಗಳು ಅನ್ನುವ ಇನ್ನೊಂದು ಬಗೆಯ ಬಿಳಿರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲುವುದಕ್ಕಿಂತ ಹರಿದ ಒಳಪದರ ಸರಿಮಾಡುವ ಕಡೆ ವಾಲುತ್ತವೆ ಅಂತಲೂ ಇಲಿಗಳಲ್ಲೇ ಗೊತ್ತಾಗಿದೆ. ಮೂತ್ರ ಸೋರಿ ಒಳಗೆ ಇಳಿಯಬಾರದಲ್ವಾ, ಮೊದಲು ಗೋಡೆ. ಒಮ್ಮೆ ಉರಿಮೂತ್ರ ಬಂದ ಹೆಂಗಸರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ಮತ್ತೆ ಬರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹೀಗಿರುವಾಗ 'ಇಮ್ಯೂನಿಟಿ ಹೆಚ್ಚಿಸುತ್ತದೆ' ಅಂದರೆ ಯಾವುದನ್ನು ಹೆಚ್ಚಿಸುತ್ತಾರೆ? ಉರಿಯೂತವನ್ನಾ? ಅದು ಹೆಚ್ಚಾದರೆ ನಮಗೇ ನೋವು. ಸ್ಯಾಶೆ ಅದನ್ನೂ ಮಾಡುವುದಿಲ್ಲ ಬಿಡಿ, ಅದರಲ್ಲಿ ಇರುವುದು ಸಕ್ಕರೆ ಮತ್ತು ಹಣ್ಣಿನ ಸಾರ.

ದೇಹ ತಾನೇ ಎಷ್ಟು ಗೆಲ್ಲುತ್ತದೆ ಅನ್ನುವುದಕ್ಕೆ 2015ರ ಜರ್ಮನಿಯ ಒಂದು ಪ್ರಯೋಗ ನೋಡಿ. ಮಾಮೂಲಿ ಉರಿಮೂತ್ರದ ಹೆಂಗಸರಲ್ಲಿ ಒಂದು ಗುಂಪಿಗೆ ಆ್ಯಂಟಿಬಯಾಟಿಕ್, ಇನ್ನೊಂದಕ್ಕೆ ಬರೀ ಐಬುಪ್ರೊಫೆನ್ ಅನ್ನುವ ನೋವಿನ ಮಾತ್ರೆ ಕೊಟ್ಟರು. ಐಬುಪ್ರೊಫೆನ್ ಗುಂಪಿನ ಮೂರನೇ ಎರಡು ಭಾಗ ಹೆಂಗಸರು ಆ್ಯಂಟಿಬಯಾಟಿಕ್ ಇಲ್ಲದೆಯೇ ಸುಧಾರಿಸಿದರು. ಆದರೆ ಕಿಡ್ನಿಗೆ ಸೋಂಕು ಹತ್ತಿದ್ದೂ ಆ ಗುಂಪಿನಲ್ಲೇ ಹೆಚ್ಚು. ಅದಕ್ಕೇ ಮನೆಯಲ್ಲಿ ಕಾಯುತ್ತಾ ಕೂರಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಜ್ವರ, ಚಳಿ, ಸೊಂಟದ ಮೇಲೆ ಬೆನ್ನಿನ ಒಂದು ಪಕ್ಕ ನೋವು, ಬಸಿರು, ಇದರಲ್ಲಿ ಯಾವುದಿದ್ದರೂ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಪದೇಪದೇ ಬರುತ್ತಿದ್ದರೆ ಯಾವ ಬ್ಯಾಕ್ಟೀರಿಯಾ ಅಂತ ತಿಳಿಸುವ ಯೂರಿನ್ ಕಲ್ಚರ್ ಪರೀಕ್ಷೆ ಮಾಡಿಸಿ. ಕೌಂಟರಿನಲ್ಲಿ 'ಉಷ್ಣ ಆಗಿರಬೇಕು, ಇದು ಕುಡೀರಿ ಅಕ್ಕಾ' ಅಂತ ಈ ಡಬ್ಬಿ ಕೊಟ್ಟು ಕಳಿಸುವುದನ್ನು ನಾನು ನೋಡಿದ್ದೇನೆ, ನೋಡಿ ಸಿಟ್ಟು ಬಂದಿದೆ.

ಕ್ರ್ಯಾನ್‌ಬೆರಿಗೆ 2 ಸ್ಟಾರ್ ಯಾಕೆ ಅಂದರೆ ಅದಕ್ಕೆ ಆಧಾರ ಇದೆ. 2023ರಲ್ಲಿ 50 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಪದೇಪದೇ ಉರಿಮೂತ್ರ ಬರುವ ಹೆಂಗಸರಲ್ಲಿ ಅದು ಮತ್ತೆ ಬರುವ ಸಾಧ್ಯತೆ ಸುಮಾರು ಕಾಲು ಭಾಗ ಕಡಿಮೆಯಾಗಿತ್ತು. ಅದರಲ್ಲಿರುವ ಪಿಎಸಿ ಅನ್ನುವ ಅಂಶ ಬ್ಯಾಕ್ಟೀರಿಯಾ ಅಂಟುವುದಕ್ಕೆ ಅಡ್ಡಿ ಮಾಡುತ್ತದೆ ಅಂತ ವಿವರಣೆ. ಇದು ಬರದಂತೆ ತಡೆಯುವುದಕ್ಕೆ ಮಾತ್ರ. ಬಂದಮೇಲೆ ಕುಡಿದರೆ ವಾಸಿಯಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ದುಡ್ಡಿಲ್ಲದೆ ಸಿಗುವ ಇನ್ನೊಂದಿದೆ, ನೀರು. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ, ಪದೇಪದೇ ಉರಿಮೂತ್ರ ಬರುತ್ತಿದ್ದ 140 ಹೆಂಗಸರ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ದಿನಾ ಒಂದೂವರೆ ಲೀಟರ್ ಹೆಚ್ಚು ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ ಬಂತು, ಕುಡಿಯದವರಿಗೆ 3.2 ಸಲ. ಯೂರೋಮಾಡ್ಯುಲಿನ್ ಹಿಡಿದದ್ದು, ಕಳಚಿದ ಜೀವಕೋಶ, ಎಲ್ಲ ಹೊರಗೆ ಹೋಗಬೇಕಾದರೆ ಮೂತ್ರ ಹೋಗುತ್ತಿರಬೇಕಲ್ವಾ. ಅಜ್ಜಿ ಕೊಡುವ ಬಾರ್ಲಿ ನೀರು, ತೆಳು ಮಜ್ಜಿಗೆ ಎಲ್ಲ ಈ ಲೆಕ್ಕಕ್ಕೆ ಬರುತ್ತವೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಗಾರ್ಮೆಂಟ್ಸ್ ಕೆಲಸದಲ್ಲಿ ಟಾಯ್ಲೆಟ್ ಸರಿಯಿಲ್ಲ ಅಂತ ಬೆಳಗ್ಗೆಯಿಂದ ಸಂಜೆತನಕ ನೀರೇ ಮುಟ್ಟದ ಹೆಂಗಸರು ಎಷ್ಟು ಜನ ಇದ್ದಾರೆ ಯೋಚಿಸಿ. ಅವರಿಗೆ ಬೇಕಾದದ್ದು ಸ್ಯಾಶೆ ಅಲ್ಲ.

ಮುಟ್ಟು ನಿಂತವರು ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮಿನ ಬಗ್ಗೆ ಡಾಕ್ಟರನ್ನು ಕೇಳಿ, ಅದಕ್ಕೆ ಒಳ್ಳೆ ಆಧಾರ ಇದೆ. ಇಷ್ಟಾದಮೇಲೂ ಸ್ಯಾಶೆ ಬೇಕು ಅನ್ನಿಸಿದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರಿಗೆ ತಿಳಿಸಿ, ಸಕ್ಕರೆ ಕಾಯಿಲೆ ಇರುವವರು ಎಷ್ಟು ಸಕ್ಕರೆ ಹಾಕಿದ್ದಾರೆ ಅಂತ ಓದಿ. 'ಕ್ರ್ಯಾನ್‌ಬೆರಿ ಸಾರ ಇಷ್ಟು' ಅಂತ ಬರೆದಿರುವುದು ಸಾಲದು, ಪಿಎಸಿ ಎಷ್ಟು ಅಂತ ನೋಡಿ. ಅನೇಕ ಪ್ರಯೋಗಗಳಲ್ಲಿ ದಿನಕ್ಕೆ 36 ಮಿ.ಗ್ರಾಂ ಕೊಟ್ಟಿದ್ದಾರೆ. ಅದನ್ನು ಬರೆಯದ ಡಬ್ಬಿಯನ್ನು ವಾಪಸ್ ಕೊಟ್ಟುಬಿಡಿ.