"ಒಣಗಿದ್ದೇ ಮಾರಾಯ್ರೆ" ಅಂದ್ರು, ನಾನು ನಂಬಿದೆ

ಮನೇಲೇ ಸಣ್ಣಪುಟ್ಟ ಮರಗೆಲಸ ಶುರು ಮಾಡಿರೋರು ಮರ ತಗೊಳ್ಳೋಕೆ ಮುಂಚೆ ಒಂದ್ಸಲ ಇದನ್ನ ಓದಿ. ನಂಗಂತೂ ಹದಿನಾಲ್ಕು ಸಾವಿರ ರೂಪಾಯಿ, ಎರಡು ತಿಂಗಳ ಭಾನುವಾರ ಎಲ್ಲಾ ಹೋಯ್ತು.

ಹೋದ ವರ್ಷ ಜುಲೈಲಿ ಸುಳ್ಯಕ್ಕೆ ಹೋಗಿದ್ದಾಗ ಅಲ್ಲೊಂದು ಸಾಮಿಲ್‌ನಲ್ಲಿ ಹಲಸಿನ ಹಲಗೆ ಕಣ್ಣಿಗೆ ಬಿತ್ತು, ಒಂದೂವರೆ ಇಂಚು ದಪ್ಪ, ಅರಿಶಿನ ಬಣ್ಣ, ಒಂದು ಗಂಟೂ ಇಲ್ಲ, ಸಾಗುವಾನಿ ರೇಟ್ ಕೇಳಿ ತಲೆ ತಿರುಗಿದ್ದ ನಂಗೆ ಅಷ್ಟು ಸಾಕಾಯ್ತು. ಒಣಗಿದ್ಯಾ ಅಂದೆ. "ಎರಡು ವರ್ಷ ಆಯ್ತು, ಒಣಗಿದ್ದೇ ಮಾರಾಯ್ರೆ" ಅಂದ್ರು. ಟೇಬಲ್ ಕಾಲಿಗೆ ಅಂತ ರಬ್ಬರ್ ಮರದ ತುಂಡೂ ಕೊಟ್ರು, ಸೌದೆ ರೇಟಿಗೆ.

ಬೆಂಗಳೂರಿಗೆ ತಂದು ನಾಲ್ಕಡಿ ಉದ್ದ ಎರಡಡಿ ಅಗಲದ ಟೇಬಲ್ ಮಾಡಿದೆ. ಹಲಗೆಗಳನ್ನ ಫೆವಿಕಾಲ್ ಹಾಕಿ ಜೋಡಿಸಿ, ಕೆಳಗಿನ ಫ್ರೇಮಿಗೆ ಹನ್ನೆರಡು ಸ್ಕ್ರೂ ಬಿಗಿದು, ಮೇಲೆ ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೆದೆ. ಬಂದೋರೆಲ್ಲ ಹೊಗಳಿದ್ರು. ಫೆಬ್ರವರೀಲಿ ಒಂದು ರಾತ್ರಿ ಹಾಲ್‌ನಿಂದ ಟಪ್ ಅಂತ ಸದ್ದು. ಬೆಳಿಗ್ಗೆ ನೋಡಿದ್ರೆ ನಡುಮಧ್ಯೆ ಬಿರುಕು, ಅಂಟಿದ ಜಾಗ ಗಟ್ಟಿಯಾಗೇ ಇದೆ, ಪಕ್ಕದ ಮರಾನೇ ಸೀಳಿದೆ. ಮಾರ್ಚ್ ಹೊತ್ತಿಗೆ ಅದರೊಳಗೆ ಎರಡು ರೂಪಾಯಿ ನಾಣ್ಯ ನಿಲ್ಲಿಸಬಹುದಿತ್ತು.

ಸಾಮಿಲ್‌ನವರು ಪೂರ್ತಿ ಸುಳ್ಳು ಹೇಳಿದ್ರು ಅಂತ್ಲೂ ಅಲ್ಲ. ಕರಾವಳಿ ಕಡೆ ಮಳೆಗಾಲದಲ್ಲಿ ತೆರೆದ ಶೆಡ್ಡಿನಲ್ಲಿಟ್ಟ ಮರ, ಎಷ್ಟೇ ಹಳೇದಾಗಿರ್ಲಿ, ಗಾಳಿಯ ತೇವ ಹೀರ್ಕೊಂಡು ನೂರಕ್ಕೆ ಹದಿನೆಂಟು ಇಪ್ಪತ್ತರಷ್ಟು ನೀರು ಇಟ್ಕೊಂಡೇ ಇರತ್ತೆ, ಅದೇ ಹಲಗೆ ಬೆಂಗಳೂರಿನ ಬೇಸಿಗೇಲಿ ಹತ್ತರ ಹತ್ರಕ್ಕೆ ಇಳಿಯತ್ತೆ. ಇಳಿದಾಗ ಉದ್ದಕ್ಕೆ ಏನೂ ಆಗಲ್ಲ ಅನ್ನಬಹುದು, ಅಗಲಕ್ಕೆ ಕುಗ್ಗತ್ತೆ. ನಾನು ಹನ್ನೆರಡು ಸ್ಕ್ರೂ ಹಾಕಿ ಅಲ್ಲಾಡದ ಹಾಗೆ ಕಟ್ಟಿಹಾಕಿದ್ದೆ, ಇನ್ನೆಲ್ಲಿಗೆ ಹೋಗತ್ತೆ ಪಾಪ, ಸೀಳ್ತು. ಫ್ರೇಮಿನ ತೂತನ್ನ ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಕೊರೆದು ವಾಷರ್ ಹಾಕಿದ್ರೆ ಹಲಗೆಗೆ ಜರುಗೋಕೆ ಜಾಗ ಸಿಗತ್ತೆ, ಇದು ಗೊತ್ತಾಗಿದ್ದು ಆಮೇಲೆ.

ರಬ್ಬರ್ ಕಾಲಿನ ಕಥೆ ಬೇರೆ. ನೆಲ ಗುಡಿಸುವಾಗೆಲ್ಲ ಕಾಲಿನ ಬುಡದಲ್ಲಿ ಟಾಲ್ಕಂ ಪೌಡರ್ ಥರ ನುಣ್ಣಗಿನ ಪುಡಿ, ಗುಂಡುಸೂಜಿ ತಲೆಯಷ್ಟು ತೂತುಗಳು. ಮರ ಕೊರೆಯೋ ಕುಟ್ಟೆ ಹುಳ! ರಬ್ಬರ್ ಮರದಲ್ಲಿ ಪಿಷ್ಟ ಜಾಸ್ತಿ, ಹುಳಕ್ಕೆ ಹಬ್ಬದೂಟ, ಅದಕ್ಕೇ ಕೊಯ್ದ ತಕ್ಷಣ ಬೋರಿಕ್ ಆಸಿಡ್-ಬೋರಾಕ್ಸ್ ದ್ರಾವಣ ಹೀರಿಸಿ ಆಮೇಲೆ ಒಣಗಿಸಬೇಕು. ಟ್ರೀಟ್ ಮಾಡಿದ ರಬ್ಬರ್‌ವುಡ್ ಫರ್ನಿಚರಿಗೆ ಒಳ್ಳೇ ಮರಾನೇ, ನಂಗೆ ಸಿಕ್ಕಿದ್ದು ಹಸಿ ಸೌದೆ. ಪಿಯು ಹೊಡೆದ್ರೆ ಒಳಗಿರೋ ಹುಳ ಸಾಯಲ್ಲ, ಅದನ್ನೂ ತೂತು ಮಾಡ್ಕೊಂಡು ಹೊರಗೆ ಬರತ್ತೆ.

ಈಗ ನಾನು ಬಾಯಿಮಾತು ಕೇಳಲ್ಲ. ತೇವ ಅಳೆಯೋ ಮೀಟರ್ ಇದೆ, ಅದರ ಸೂಜಿನ ಮೇಲ್ಮೈಗೆ ಚುಚ್ಚಿದ್ರೆ ಮೋಸ ಹೋಗ್ತೀರ, ತುದಿಯಿಂದ ಒಂದಡಿ ಒಳಗೆ ಕೊಯ್ಸಿ ಹೊಸ ಮುಖಕ್ಕೆ ಚುಚ್ಚಬೇಕು. ಮೀಟರ್ ಇಲ್ದಿದ್ರೆ ಅಡುಗೆಮನೆ ತಕ್ಕಡಿ ಸಾಕು. ಆಮೇಲೆ ತಂದ ಹಲಸಿನ ಹಲಗೆಗಳಲ್ಲಿ ಒಂದರಿಂದ 200 ಗ್ರಾಂ ತುಂಡು ಕೊಯ್ದು, ತೂಕ ಇಳಿಯೋದು ನಿಲ್ಲೋ ತನಕ ಓವನ್ನಿನಲ್ಲಿ ಸಣ್ಣ ಬಿಸಿಗೆ ಇಟ್ಟೆ, 165ಕ್ಕೆ ನಿಲ್ತು. ಅಂದ್ರೆ 165 ಗ್ರಾಂ ಒಣಮರಕ್ಕೆ 35 ಗ್ರಾಂ ನೀರು, ಒಣಮರದ ಲೆಕ್ಕದಲ್ಲಿ ನೂರಕ್ಕೆ 21 ಭಾಗ! ಅದನ್ನೂ "ಒಣಗಿದ್ದು" ಅಂತ್ಲೇ ಮಾರಿದ್ದು.

ಊರಲ್ಲಿ ನಮ್ಮನೆಗೆ ಬರೋ ಆಚಾರಿಗೆ ಫೋನ್ ಮಾಡಿ ಗೋಳು ಹೇಳ್ಕೊಂಡೆ. ನಕ್ಕುಬಿಟ್ರು. "ನಿಮ್ಮಜ್ಜ ಹಲಗೆ ಕೊಯ್ಸಿ ಅಟ್ಟಕ್ಕೆ ಹಾಕಿದ್ರೆ ಎರಡು ಮಳೆಗಾಲ ಕಳೀದೆ ನಂಗೆ ಮುಟ್ಟೋಕೆ ಬಿಡ್ತಿರ್ಲಿಲ್ಲ" ಅಂದ್ರು.

ಫ್ಲಾಟಲ್ಲಿ ಅಟ್ಟ ಎಲ್ಲಿಂದ ತರ್ಲಿ, ಆಮೇಲೆ ತಂದ ಆ ಹಲಸಿನ ಹಲಗೆಗಳನ್ನ ತುದಿಗೆ ಪೇಂಟ್ ಬಳಿದು, ಗಾಳಿ ಆಡ್ಲಿ ಅಂತ ಮಧ್ಯೆ ಮಧ್ಯೆ ರೀಪು (ತೆಳು ಮರದ ಪಟ್ಟಿ) ಕೊಟ್ಟು ಮಂಚದಡಿ ಪೇರಿಸಿದ್ದೀನಿ, ಹೆಂಡತಿ ದಿನಾ ಎಡವಿ ಬೈತಾಳೆ. ಮೇಲಿನ ಹಲಗೆ ಮೇಲೆ ಪೆನ್ಸಿಲ್ಲಲ್ಲಿ ತೂಕ ಬರೀತಾ ಇದ್ದೀನಿ. ಹೋದ ಭಾನುವಾರ 4,260 ಗ್ರಾಂ, ಇವತ್ತು 4,235. ಇನ್ನೂ ಇಳೀತಿದೆ.