ಡೀಸೆಲ್ ಜೀಪಿನ ಆಲ್ಟರ್ನೇಟರ್: 120 ಬಿಚ್ಚಿಸಿ 90 ಹಾಕಿಸಿದ ಕಥೆ

ನನ್ನ ಹಳೆಯ ಡೀಸೆಲ್ ಜೀಪಿನಲ್ಲಿ ಈಗಿರುವುದು 90 ಆಂಪಿಯರ್ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಯಂತ್ರ. ಅದನ್ನು ಬದಲಿಸುವ ಯೋಚನೆಯೇ ನನಗಿಲ್ಲ. ಅದಕ್ಕೆ ಮೊದಲು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ 14,000 ರೂಪಾಯಿ ಕೊಟ್ಟು 120 ಆಂಪಿಯರ್‌ನದನ್ನು ತಂದು ಎರಡು ತಿಂಗಳು ಪಾಡುಪಟ್ಟೆ.

ಆ 120 ಪೆಟ್ರೋಲ್ ಕಾರಿನದು. ಬೆನ್ನಿಗೆ ವ್ಯಾಕ್ಯೂಮ್ (ನಿರ್ವಾತ) ಪಂಪ್ ಇರಲಿಲ್ಲ. ಪೆಟ್ರೋಲ್ ಎಂಜಿನ್ನು ಗಾಳಿ ಎಳೆದುಕೊಳ್ಳುವ ಇನ್‌ಟೇಕ್‌ನಲ್ಲೇ, ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತ ಸಿಗುತ್ತದೆ, ಡೀಸೆಲ್‌ನಲ್ಲಿ ಸಿಗುವುದಿಲ್ಲ. ಹಾಗಾಗಿ ನನ್ನದರಂಥ ಜೀಪುಗಳಲ್ಲಿ ಆಲ್ಟರ್ನೇಟರ್‌ನ ಹಿಂಬದಿಯಲ್ಲೇ ಪಂಪ್ ಕೂರಿಸಿ, ಎಂಜಿನ್ ಆಯಿಲ್‌ನ ಪೈಪ್ ಕೊಟ್ಟಿರುತ್ತಾರೆ. "ಪಂಪ್ ಇಲ್ಲದಿದ್ದರೇನು ಸಾರ್, ಕರೆಂಟ್ ಪಂಪ್ ಹಾಕಿಕೊಡುತ್ತೇವೆ" ಎಂದರು ಅಂಗಡಿಯವರು. ಒಪ್ಪಿಕೊಂಡೆ.

ಮೊದಲ ವಾರ ಏನೂ ತಿಳಿಯಲಿಲ್ಲ. ಸಕಲೇಶಪುರದ ತೋಟದ ಇಳಿಜಾರಿನಲ್ಲಿ ಮೂರು ಬಾರಿ ಬೆನ್ನುಬೆನ್ನಿಗೆ ಬ್ರೇಕ್ ಒತ್ತಿದ ಮೇಲೆ ಪೆಡಲ್ ಕಲ್ಲಾಯಿತು. ಆ ಸಣ್ಣ ಪಂಪ್ ನಿರ್ವಾತ ತುಂಬಿಸುವಷ್ಟರಲ್ಲಿ ಜೀಪು ನಾಲ್ಕು ಮಾರು ಜಾರಿತ್ತು. ಪಕ್ಕದಲ್ಲಿ ನನ್ನ ಮಗಳು ಕುಳಿತಿದ್ದಳು. ಊರಿಗೆ ಮರಳಿದ ಮರುದಿನವೇ ಆ 120ರದ್ದನ್ನು ಬಿಚ್ಚಿಸಿದೆ.

ಇನ್ನೊಂದು ಮಾತು. ಪೆಟ್ಟಿಗೆಯ ಮೇಲಿನ 120 ಎಂಬುದು ಆಲ್ಟರ್ನೇಟರ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗಿನ ಲೆಕ್ಕ. ನನ್ನ ಜೀಪು ಸಿಲ್ಕ್ ಬೋರ್ಡ್‌ನಲ್ಲಿ ಟ್ರಾಫಿಕ್ಕಿಗೆ ನಿಂತು ಗುರುಗುಡುವಾಗ ಆಲ್ಟರ್ನೇಟರ್ ಅದರ ಮೂರನೇ ಒಂದು ಭಾಗವೂ ತಿರುಗುವುದಿಲ್ಲ. ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ನೋಡಿದೆ: ಐಡಲಿಂಗ್‌ನಲ್ಲಿ 120ರದ್ದು ಕೊಟ್ಟದ್ದು 38, 90ರದ್ದು 46. ಹೆಡ್‌ಲೈಟ್, ಫ್ಯಾನ್, ಪುಟ್ಟ ಫ್ರಿಜ್‌ಗೆ 46 ಸಾಕು. ಅಲ್ಲದೆ ಲೋಡ್ ಹೆಚ್ಚಿದಾಗ 120ರದ್ದಕ್ಕೆ ಅದನ್ನು ತಿರುಗಿಸುವ ನನ್ನ ಒಂಟಿ ಬೆಲ್ಟ್ ಕಿರುಚುತ್ತಿತ್ತು.

ಹೂತ ಗಾಡಿ ಎಳೆಯುವ ವಿಂಚ್‌ಗೆಂದು ದೊಡ್ಡ ಆಲ್ಟರ್ನೇಟರನ್ನು ಕೊಳ್ಳುವವರಿಗೆ ಹೇಳುವುದಿಷ್ಟೇ: ಪೂರ್ತಿ ಭಾರ ಎಳೆಯುವಾಗ ವಿಂಚ್ 400 ಆಂಪಿಯರ್‌ವರೆಗೂ ಕುಡಿಯುತ್ತದೆ. ಅಷ್ಟನ್ನು ಬ್ಯಾಟರಿಯೇ ಕೊಡಬೇಕು.

ಹಳೆಯ ಆಲ್ಟರ್ನೇಟರನ್ನೇ ರಿವೈಂಡಿಂಗ್ ಮಾಡಿಸುವುದು, ಅಂದರೆ ಒಳಗಿನ ತಂತಿ ಹೊಸದಾಗಿ ಸುತ್ತಿಸುವುದು ಅಗ್ಗ, ಆದರೆ ಗೆಳೆಯರೊಬ್ಬರದು ಒಂದು ಮಳೆಗಾಲಕ್ಕೇ ಸುಟ್ಟಿತು.

90ರದ್ದಕ್ಕೆ 9,500 ರೂಪಾಯಿ. ಹಿಂದೆ ಪಂಪ್ ಇದೆ, ಹಳೆಯ ಆಯಿಲ್ ಪೈಪ್ ಹಾಗೇ ಕೂತಿತು, ಬ್ರಾಕೆಟ್ ಕೊರೆಯಬೇಕಾಗಲಿಲ್ಲ. ಚಾರ್ಜಿಂಗ್ ವೈರ್ ಮಾತ್ರ 16 ಚದರ ಮಿಲಿಮೀಟರ್‌ನ ತಾಮ್ರದ್ದಕ್ಕೆ ಬದಲಿಸಿದೆ. ಹಳೆಯದು ಮುಟ್ಟಿದರೆ ಸುಡುತ್ತಿತ್ತು. ನಿಮ್ಮದು ಪೆಟ್ರೋಲ್ ಜಿಪ್ಸಿಯಾದರೆ ಈ ಪಂಪ್‌ನ ತಾಪತ್ರಯವೇ ಇಲ್ಲ. ಡೀಸೆಲ್ ಆದರೆ ದುಡ್ಡು ಕೊಡುವ ಮೊದಲು ಆಲ್ಟರ್ನೇಟರನ್ನು ತಿರುಗಿಸಿ ಅದರ ಬೆನ್ನು ನೋಡಿ.